ಕಪಾಟಿನಲ್ಲೇ ಮಲಗಿದ್ದ ನಿದ್ರಾರೋಗದ ಮದ್ದು

ಔಷಧ ರಸಾಯನಶಾಸ್ತ್ರಜ್ಞರಿಗೂ ಒಂದು ಮಡಿ ಇದೆ: ಅಣುವಿನಲ್ಲಿ ನೈಟ್ರೋ ಗುಂಪು (ಒಂದು ಸಾರಜನಕ, ಎರಡು ಆಮ್ಲಜನಕ ಪರಮಾಣುಗಳ ಕೂಟ) ಕಂಡರೆ ಡಿಎನ್ಎ ಕೆಡಿಸೀತೆಂದು ದೂರ ಸರಿಯುತ್ತಾರೆ. ಆಮಶಂಕೆಗೆ ನಾವು ನುಂಗುವ ಮೆಟ್ರೋನಿಡಜೋಲ್‌ನಲ್ಲೂ ಅದೇ ಗುಂಪಿದೆ ಎಂಬುದು ಬೇರೆ ಮಾತು. ಈ ಮಡಿಯನ್ನು ಮುರಿದದ್ದು ಕಾಂಗೋದ ನಿದ್ರಾರೋಗ.

ಟ್ಸೆಟ್ಸೆ ನೊಣ ಹರಡುವ ಟ್ರಿಪನೋಸೋಮ ಪರಾವಲಂಬಿ ಮಿದುಳಿಗೆ ಹೊಕ್ಕ ಮೇಲೆ ದಶಕಗಳ ಕಾಲ ಕೊಡುತ್ತಿದ್ದುದು ಮೆಲಾರ್ಸೊಪ್ರೋಲ್ ಎಂಬ ಆರ್ಸೆನಿಕ್ ಚುಚ್ಚುಮದ್ದು. ಅದು ನೂರರಲ್ಲಿ ಸುಮಾರು ಐವರನ್ನು ತಾನೇ ಕೊಲ್ಲುತ್ತಿತ್ತು. 2009ರ ನಂತರ ಬಂದ ಜೋಡಿ ಚಿಕಿತ್ಸೆ ಸುರಕ್ಷಿತ, ಆದರೆ ಏಳು ದಿನಗಳಲ್ಲಿ 14 ಬಾರಿ ಡ್ರಿಪ್ ಹಾಕಬೇಕು, ಜೊತೆಗೆ ಹತ್ತು ದಿನ ನಿಫುರ್ಟಿಮಾಕ್ಸ್ ಮಾತ್ರೆ. ನರ್ಸೇ ಇಲ್ಲದ ಹಳ್ಳಿಯಲ್ಲಿ ಇದೆಲ್ಲ ಹೇಗೆ ಸಾಧ್ಯ?

ಕಡೆಗಣಿಸಲ್ಪಟ್ಟ ರೋಗಗಳಿಗೆ ಲಾಭದಾಸೆಯಿಲ್ಲದೆ ಮದ್ದು ಹುಡುಕುವ ಡಿಎನ್‌ಡಿಐ ಸಂಸ್ಥೆ 2005ರಿಂದ 700ಕ್ಕೂ ಹೆಚ್ಚು ನೈಟ್ರೋ ಸಂಯುಕ್ತಗಳನ್ನೇ ಜಾಲಾಡಿತು. ಸಿಕ್ಕಿದ್ದು ಜರ್ಮನಿಯ ಹೆಕ್ಸ್ಟ್ ಕಂಪನಿ ಎಂದೋ ತಯಾರಿಸಿ ಬದಿಗಿಟ್ಟಿದ್ದ ಫೆಕ್ಸಿನಿಡಜೋಲ್. ಅದು ಡಿಎನ್ಎ ಹಾನಿಯನ್ನು ಪತ್ತೆಹಚ್ಚುವ ಏಮ್ಸ್ (Ames) ಪರೀಕ್ಷೆಯಲ್ಲಿ ಫೇಲು! ಬೆಳೆಯಲು ಬೇಕಾದ ಹಿಸ್ಟಿಡೀನ್ ಎಂಬ ಅಮೈನೋ ಆಮ್ಲವನ್ನು ತಾನೇ ತಯಾರಿಸಲಾಗದ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾಕ್ಕೆ ರಾಸಾಯನಿಕವನ್ನು ಸೇರಿಸಿ, ಹಿಸ್ಟಿಡೀನ್ ಅತ್ಯಲ್ಪವಿರುವ ತಟ್ಟೆಯಲ್ಲಿ ಬೆಳೆಸುತ್ತಾರೆ. ಬ್ಯಾಕ್ಟೀರಿಯಾದ ವಸಾಹತುಗಳು ಹೆಚ್ಚಿದರೆ ಡಿಎನ್ಎ ಬದಲಾಗಿ ಹಿಸ್ಟಿಡೀನ್ ತಯಾರಿಸಲು ಬಂದಿದೆ ಎಂದರ್ಥ. ಇಲ್ಲಿ ಹೆಚ್ಚಿದವು.

ಆದರೆ ಡಿಎನ್ಎ ಕೆಡಿಸಿದ್ದು ಯಾರು? ಫೆಕ್ಸಿನಿಡಜೋಲ್ ಸುಟ್ಟ ಸುಣ್ಣದ ಕಲ್ಲಿನಂಥದ್ದು: ಒಣಗಿದ್ದಾಗ ತಣ್ಣಗೆ, ನೀರು ಬಿದ್ದರೆ ಕೊತಕೊತ. ಆ ನೀರು ಸಾಲ್ಮೊನೆಲ್ಲಾದ ಸ್ವಂತ ನೈಟ್ರೋರಿಡಕ್ಟೇಸ್ ಕಿಣ್ವ. ಆ ಕಿಣ್ವ ಕಳೆದುಕೊಂಡ ತಳಿಗಳಲ್ಲಿ ಪರೀಕ್ಷಿಸಿದಾಗ ಉಪಟಳ ಇಳಿಯಿತು. ಮನುಷ್ಯರ ಬಿಳಿರಕ್ತಕಣಗಳಲ್ಲೂ ಇಲಿಯ ಅಸ್ಥಿಮಜ್ಜೆಯಲ್ಲೂ ಹಾನಿ ಕಾಣಲಿಲ್ಲ. ನಮ್ಮ ಕಿಣ್ವಗಳು ನೈಟ್ರೋ ಗುಂಪಿಗೆ ಒಂದು ಎಲೆಕ್ಟ್ರಾನ್ ಕೊಟ್ಟರೆ ಆಮ್ಲಜನಕ ಅದನ್ನು ಕಿತ್ತುಕೊಂಡು ಅಣುವನ್ನು ಮೊದಲಿನಂತೆ ಮಾಡುತ್ತದೆ. ಟ್ರಿಪನೋಸೋಮದ ಮೈಟೋಕಾಂಡ್ರಿಯಾದಲ್ಲಿ ಮಾತ್ರ ಬ್ಯಾಕ್ಟೀರಿಯಾ ಮಾದರಿಯ ಕಿಣ್ವವಿದೆ. ಅದು ಎರಡೆರಡು ಎಲೆಕ್ಟ್ರಾನ್ ಒಟ್ಟಿಗೇ ತುಂಬುವುದರಿಂದ ಆಮ್ಲಜನಕಕ್ಕೆ ಬಿಡಿಸಲು ಅವಕಾಶವೇ ಇಲ್ಲ. ಪರಾವಲಂಬಿ ತನ್ನ ವಿಷವನ್ನು ತಾನೇ ಅರೆದುಕೊಳ್ಳುತ್ತದೆ. ಅಂದರೆ ಏಮ್ಸ್ ಪರೀಕ್ಷೆಯಲ್ಲಿ ಸೋಲಲು ಕಾರಣವಾದ ಗುಣವೇ ಇಲ್ಲಿ ರೋಗಿಯನ್ನು ಉಳಿಸುವುದು.

2018ರಲ್ಲಿ ಪ್ರಕಟವಾದ 394 ರೋಗಿಗಳ ಪ್ರಯೋಗದಲ್ಲಿ ಫೆಕ್ಸಿನಿಡಜೋಲ್‌ನ ಯಶಸ್ಸು ಶೇ. 91, ಜೋಡಿ ಚಿಕಿತ್ಸೆಯಲ್ಲಿ ಶೇ. 98. ಹಾಗಾಗಿ ರೋಗ ಮಿದುಳಿನಲ್ಲಿ ಬಲಿತಿದ್ದರೆ, ಅಂದರೆ ಬೆನ್ನುಹುರಿ ದ್ರವದ ಮೈಕ್ರೋಲೀಟರಿಗೆ ನೂರಕ್ಕಿಂತ ಹೆಚ್ಚು ಬಿಳಿಕಣಗಳಿದ್ದರೆ ಡ್ರಿಪ್ಪೇ ಮೇಲು. ಉಳಿದವರಲ್ಲಿ, 35 ಕಿಲೋ ಮತ್ತು ಮೇಲ್ಪಟ್ಟ ತೂಕದವರಿಗೆ 600 ಮಿ.ಗ್ರಾಂ. ಮಾತ್ರೆ ದಿನಕ್ಕೆ ಮೂರರಂತೆ ನಾಲ್ಕು ದಿನ, ಆಮೇಲೆ ಎರಡರಂತೆ ಆರು ದಿನ. ಊಟ ಕಡ್ಡಾಯ. ನೀರಿನಲ್ಲಿ ಸರಿಯಾಗಿ ಕರಗದ ಈ ಮದ್ದು ಖಾಲಿ ಹೊಟ್ಟೆಯಲ್ಲಿ ರಕ್ತ ಸೇರುವುದೇ ಕಡಿಮೆ. ವಾಂತಿಯೂ ಸಾಮಾನ್ಯ, ಅದಕ್ಕೇ ಆರೋಗ್ಯ ಕಾರ್ಯಕರ್ತರ ಕಣ್ಣೆದುರೇ ನುಂಗಿಸುತ್ತಾರೆ.

ಮದ್ದಿನ ದೌರ್ಬಲ್ಯವೂ ಪರಾವಲಂಬಿಯ ಆ ನೈಟ್ರೋರಿಡಕ್ಟೇಸ್ ಕಿಣ್ವದಲ್ಲೇ ಇದೆ. ಪರಾವಲಂಬಿ ಅದರ ಎರಡು ಜೀನ್ ಪ್ರತಿಗಳಲ್ಲಿ ಒಂದನ್ನು ಕಳೆದುಕೊಂಡರೂ ಮದ್ದಿನ ಬಲ ಕುಗ್ಗುತ್ತದೆ, ನಿಫುರ್ಟಿಮಾಕ್ಸ್‌ನದೂ ಜೊತೆಗೇ. ಮುಂದಿನ ಅಣು ಅಕೋಜಿಬೊರೋಲ್‌ನಲ್ಲಿ ನೈಟ್ರೋ ಬದಲು ಬೋರಾನ್ ಇದೆ. ಅದರ ಗುರಿ ಪರಾವಲಂಬಿಯ ಆರ್‌ಎನ್‌ಎ ಕತ್ತರಿಸುವ ಕಿಣ್ವ. ಪ್ರಯೋಗದಲ್ಲಿ ಕೊಟ್ಟದ್ದು 320 ಮಿ.ಗ್ರಾಂ.ನ ಮೂರು ಮಾತ್ರೆ, ಒಂದೇ ಸಲ.