ಗಾಯ ಮಾಯೋದು ಜಾಸ್ತಿಯಾದಾಗ

ಮಳೆಗಾಲದಲ್ಲಿ ಇಂಬಳ ಕಚ್ಚಿತು ಅಂತ ಡಾಕ್ಟರ ಹತ್ತಿರ ಬರುವವರು ಮಲೆನಾಡಿನಲ್ಲಿ ಕಡಿಮೆ. ಸುಣ್ಣವೋ ಹೊಗೆಸೊಪ್ಪೋ ಹಚ್ಚಿಕೊಂಡು ತೋಟಕ್ಕೆ ಹೋಗುತ್ತಾರೆ. ಹಾಗಾಗಿ ಹೋದ ಆಷಾಢದಲ್ಲಿ ತೀರ್ಥಹಳ್ಳಿ ಕಡೆಯ ಒಬ್ಬ ತಾಯಿ ಒಂಬತ್ತು ವರ್ಷದ ಮಗನನ್ನು ಕೂರಿಸಿ, "ಇಂಬಳ ಕಚ್ಚಿದ್ದು ಮೊನ್ನೆ ಬೆಳಿಗ್ಗೆ ಸಾರ್, ಇನ್ನೂ ಒಸರ್ತಾ ಇದೆ" ಅಂದಾಗ ನನ್ನ ಕಿವಿ ನೆಟ್ಟಗಾಯಿತು.

ಇಂಬಳದ ಕಡಿತ ಯಾರಿಗಾದರೂ ಕೆಲವು ಗಂಟೆ ಒಸರುತ್ತದೆ. ಜಿಗಣೆ ಜಾತಿಯ ಜೊಲ್ಲಿನಲ್ಲಿ ರಕ್ತ ಹೆಪ್ಪುಗಟ್ಟದ ಹಾಗೆ ಮಾಡುವ ವಸ್ತು ಇದೆ ಅಂತ 1884ರಲ್ಲೇ ಹೇಕ್ರಾಫ್ಟ್ ಎಂಬ ವಿಜ್ಞಾನಿ ತೋರಿಸಿದ್ದರು. ಈಗ ಅದನ್ನು ಹಿರುಡಿನ್ ಅನ್ನುತ್ತೇವೆ. ರಕ್ತವನ್ನು ಹೆಪ್ಪುಗಟ್ಟಿಸುವ ಥ್ರಾಂಬಿನ್ ಅನ್ನುವ ಕಿಣ್ವದ ಕೈಯನ್ನೇ ಅದು ಕಟ್ಟಿಹಾಕುತ್ತದೆ. ಆದರೆ ಎರಡು ದಿನ? ಹುಡುಗನ ಮೊಣಕಾಲು ನೋಡಿದೆ, ಊದಿತ್ತು. "ನಿಮ್ಮ ಅಣ್ಣತಮ್ಮಂದಿರಲ್ಲಿ ಯಾರಿಗಾದರೂ ಹೀಗಿತ್ತಾ?" ಅಂತ ಕೇಳಿದೆ. ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ನಮ್ಮಣ್ಣ ಹಲ್ಲು ಕೀಳಿಸಿಕೊಂಡು ಬಂದವನು ಉಳಿಯಲಿಲ್ಲ" ಅಂದರು.

ಪರೀಕ್ಷೆ ಮಾಡಿಸಿದಾಗ, ರಕ್ತ ಹೆಪ್ಪುಗಟ್ಟಲು ಬೇಕಾದ ಫ್ಯಾಕ್ಟರ್ 8 ಅನ್ನುವ ಪ್ರೋಟೀನು ಇರಬೇಕಾದದ್ದರ ಶೇ. 1ಕ್ಕಿಂತ ಕಡಿಮೆ. ತೀವ್ರ ಹಿಮೋಫಿಲಿಯಾ. ಸಾಮಾನ್ಯವಾಗಿ ತಾಯಿಯ ಕಡೆಯಿಂದ ಗಂಡುಮಕ್ಕಳಿಗೆ ಬರುವ, ರಕ್ತ ಬೇಗ ನಿಲ್ಲದ ಕಾಯಿಲೆ.

ಅದೇ ದಿನ ಅವರ ಪಕ್ಕದ ಬೆಂಚಿನಲ್ಲಿ ಹೊಸನಗರದ ಅಡಿಕೆ ಬೆಳೆಗಾರರೊಬ್ಬರು ಕೂತಿದ್ದರು. ವಯಸ್ಸು 64. ಒಂದೂವರೆ ವರ್ಷದಿಂದ ಒಣಕೆಮ್ಮು. ಮನೆಯಿಂದ ರಸ್ತೆಗೆ ಗುಡ್ಡ ಹತ್ತಬೇಕು, ಮೊದಲು ಒಂದೇ ಉಸಿರಿಗೆ ಹತ್ತುತ್ತಿದ್ದವರು ಈಗ ಮೂರು ಕಡೆ ನಿಲ್ಲುತ್ತಾರೆ. ಬೆರಳ ತುದಿ ದಪ್ಪಗಾಗಿ ಉಗುರು ಗುಂಡಗಾಗಿದ್ದವು. ಬೆನ್ನಿಗೆ ಸ್ಟೆತಾಸ್ಕೋಪ್ ಇಟ್ಟು ಉಸಿರು ಎಳೆಯಿರಿ ಅಂದೆ. ಒಣಗಿದ ದರಕಿನ, ಅಂದರೆ ಉದುರಿದ ಎಲೆಗಳ ಮೇಲೆ ಯಾರೋ ನಡೆದ ಹಾಗೆ ಸದ್ದು. ಪುಸ್ತಕದಲ್ಲಿ ಇದಕ್ಕೆ ವೆಲ್ಕ್ರೋ ಎಳೆದ ಸದ್ದು ಅಂತ ಬರೆದಿರುತ್ತಾರೆ. ನನಗೆ ಮಾತ್ರ ದರಕೇ ನೆನಪಾಗುವುದು.

ಸಿ.ಟಿ. ಸ್ಕ್ಯಾನಿನಲ್ಲಿ ಶ್ವಾಸಕೋಶದ ಕೆಳಭಾಗ ಜೇನುಗೂಡಿನ ಹಾಗೆ ಕಂಡಿತು. ಕಾರಣ ಗೊತ್ತಾಗದೆ ಶ್ವಾಸಕೋಶ ಗಟ್ಟಿಯಾಗುತ್ತಾ ಹೋಗುವ ಈ ಕಾಯಿಲೆಗೆ ಚಿಕ್ಕದಾಗಿ ಐಪಿಎಫ್ ಅನ್ನುತ್ತಾರೆ. ಅವರಿಗೆ ನಾನು ಹೇಳಿದ್ದು ಹೀರೇಕಾಯಿ ಲೆಕ್ಕ. ಎಳೆ ಹೀರೇಕಾಯಿ ಹಿಂಡಿದರೆ ಮೆತ್ತಗಿರುತ್ತದೆ. ಬಳ್ಳಿಯಲ್ಲೇ ಬಿಟ್ಟರೆ ನಾರಾಗುತ್ತದೆ. ನಾರಾದದ್ದನ್ನು ಮತ್ತೆ ಎಳೆಯದು ಮಾಡೋಕೆ ಆಗಲ್ಲ. ಉಳಿದದ್ದು ನಾರಾಗುವ ವೇಗ ತಗ್ಗಿಸಬಹುದು, ಅಷ್ಟೇ.

ಈ ಇಬ್ಬರ ಕಾಯಿಲೆಗೆ ಏನು ಸಂಬಂಧ ಅಂತ ನಿಮಗನ್ನಿಸಬಹುದು. ಕತ್ತಿ ತಾಗಿ ಬೆರಳು ಕೊಯ್ದುಕೊಂಡಾಗ ಏನಾಗುತ್ತೆ ನೋಡಿ. ಮೊದಲು ರಕ್ತ ಹೆಪ್ಪುಗಟ್ಟುತ್ತದೆ. ಆ ಹೆಪ್ಪಿನ ಮೇಲೆ ಹೊಸ ನಾರು ಹೆಣೆದುಕೊಂಡು ಗಾಯ ಮಾಯುತ್ತದೆ, ಕಲೆ ಉಳಿಯುತ್ತದೆ. ಹುಡುಗನಿಗೆ ಈ ಕೆಲಸ ಸರಿಯಾಗಿ ಶುರುವಾಗಲ್ಲ. ಯಜಮಾನರ ಶ್ವಾಸಕೋಶದಲ್ಲಿ ಅದು ನಿಲ್ಲಲ್ಲ. ಗಾಯ ಇದ್ದರೂ ಇಲ್ಲದಿದ್ದರೂ ನಾರು ಹೆಣೆಯುತ್ತಲೇ ಹೋಗುತ್ತದೆ. ಇಂಬಳ ಕಟ್ಟಿಹಾಕುವ ಅದೇ ಥ್ರಾಂಬಿನ್, ನಾರು ಹೆಣೆಯುವ ಕೋಶಗಳನ್ನೂ ಕೆಣಕುತ್ತದೆ.

ಇದನ್ನು ಓದಿದ ಯಾರಿಗಾದರೂ ಒಂದು ಯೋಚನೆ ಬರುತ್ತದೆ, ಅಲ್ವಾ? ರಕ್ತ ತೆಳುವಾಗಿಸುವ ಮಾತ್ರೆ ಕೊಟ್ಟರೆ ಶ್ವಾಸಕೋಶದ ನಾರೂ ಕಡಿಮೆಯಾಗಬೇಕು. ಸಂಶೋಧಕರಿಗೂ ಹಾಗೇ ಅನ್ನಿಸಿತ್ತು. ಐಪಿಎಫ್ ಇದ್ದ 145 ಜನರನ್ನು ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿದರು. ಒಂದಕ್ಕೆ ವಾರ್ಫರಿನ್, ಇನ್ನೊಂದಕ್ಕೆ ನೋಡಲು ಹಾಗೇ ಇರುವ, ಒಳಗೆ ಔಷಧಿಯೇ ಇಲ್ಲದ ಬರೀ ಮಾತ್ರೆ. 2012ರಲ್ಲಿ ಫಲಿತಾಂಶ ಬಂತು. ವಾರ್ಫರಿನ್ ಗುಂಪಿನಲ್ಲಿ 14 ಜನ ತೀರಿಕೊಂಡಿದ್ದರು, ಇನ್ನೊಂದರಲ್ಲಿ 3. ಪ್ರಯೋಗವನ್ನು ಮಧ್ಯದಲ್ಲೇ ನಿಲ್ಲಿಸಬೇಕಾಯಿತು. (ಹೃದಯದ ಕವಾಟಕ್ಕೋ ಬಡಿತದ ತೊಂದರೆಗೋ ವಾರ್ಫರಿನ್ ತಗೊಳ್ಳುತ್ತಿರುವವರು ಇದನ್ನು ಓದಿ ಮಾತ್ರೆ ಬಿಡಬೇಡಿ, ದಯವಿಟ್ಟು. ಅದು ಬೇರೆಯದೇ ಲೆಕ್ಕ.)

ಅದೇ ವರ್ಷ ನನ್ನನ್ನು ಇನ್ನೂ ಜಾಸ್ತಿ ಕಾಡಿದ ಇನ್ನೊಂದು ಫಲಿತಾಂಶ ಬಂತು. ಆಗ ಐಪಿಎಫ್‌ಗೆ ನಾವು ಬರೆಯುತ್ತಿದ್ದದ್ದು ಪ್ರೆಡ್ನಿಸೋಲೋನ್ ಅನ್ನುವ ಸ್ಟೀರಾಯ್ಡ್, ರೋಗನಿರೋಧಕ ಶಕ್ತಿ ತಗ್ಗಿಸುವ ಅಜಥಯೋಪ್ರಿನ್, ಜೊತೆಗೆ ಅಸಿಟೈಲ್‌ಸಿಸ್ಟೀನ್. ನನಗೆ ಹೇಳಿಕೊಟ್ಟವರು ಹಾಗೆ ಬರೆದರು, ನಾನೂ ಬರೆದೆ. ರೋಗಿಗಳಿಗೆ ಹಸಿವು ಹೆಚ್ಚುತ್ತಿತ್ತು, ಮುಖ ತುಂಬಿಕೊಳ್ಳುತ್ತಿತ್ತು, "ಪರವಾಗಿಲ್ಲ ಸಾರ್, ಸುಧಾರಿಸಿದೆ" ಅನ್ನುತ್ತಿದ್ದರು. ಅಮೆರಿಕದಲ್ಲಿ ಈ ಮೂರನ್ನೂ ಬರೀ ಮಾತ್ರೆಯ ಜೊತೆ ಹೋಲಿಸಿ ನೋಡಿದರು. ಗುಂಪಿಗೆ ಹತ್ತಿರಹತ್ತಿರ 80 ಜನ. ಮೂರು ಔಷಧಿ ತಗೊಂಡವರಲ್ಲಿ 8 ಸಾವು, ಬರೀ ಮಾತ್ರೆಯವರಲ್ಲಿ 1. ಯಾರದ್ದೂ ಕೆಟ್ಟ ಉದ್ದೇಶವಿರಲಿಲ್ಲ. ಎಣಿಸಿ ನೋಡಿರಲಿಲ್ಲ. ನಾನು ಹಾಗೆ ಬರೆದುಕೊಟ್ಟ ಇಬ್ಬರು ಮೂವರ ಮುಖ ಈಗಲೂ ನೆನಪಿದೆ.

ಇಲ್ಲೊಂದು ಎಚ್ಚರಿಕೆ. ಶ್ವಾಸಕೋಶ ಗಟ್ಟಿಯಾಗುವ ಕಾಯಿಲೆಯೆಲ್ಲ ಐಪಿಎಫ್ ಅಲ್ಲ. ಪಾರಿವಾಳದ ಹಿಕ್ಕೆ, ಬೂಷ್ಟು ಹಿಡಿದ ಹುಲ್ಲು, ಒದ್ದೆ ಗೋಡೆಯ ಫಂಗಸ್ಸಿನ ಧೂಳು ಒಳಗೆ ಹೋಗಿ ಅಲರ್ಜಿಯಿಂದಲೂ ಆಗುತ್ತದೆ. ಭಾರತದ 27 ಕೇಂದ್ರಗಳಲ್ಲಿ 1,084 ರೋಗಿಗಳನ್ನು ದಾಖಲಿಸಿ 2017ರಲ್ಲಿ ಪ್ರಕಟಿಸಿದ ಪಟ್ಟಿಯಲ್ಲಿ ಈ ಅಲರ್ಜಿ ಜಾತಿಯದ್ದೇ ಶೇ. 47. ಐಪಿಎಫ್ ಶೇ. 14ರಷ್ಟು. ಅಲರ್ಜಿ ಜಾತಿಯದ್ದಕ್ಕೆ ಸ್ಟೀರಾಯ್ಡ್ ಎಷ್ಟೋ ಜನರಿಗೆ ಕೆಲಸ ಮಾಡುತ್ತದೆ. ಅದಕ್ಕೇ ನಾನು ರೋಗಿಗಳ ಹತ್ತಿರ ಕೊಟ್ಟಿಗೆ, ಅಟ್ಟ, ಹುಲ್ಲಿನ ಬಣವೆ, ಅಡಿಕೆ ದಾಸ್ತಾನು ಎಲ್ಲವನ್ನೂ ಕೇಳುತ್ತಾ ಕೂರುತ್ತೇನೆ. ಹೊರಗೆ ಕಾಯುತ್ತಿರುವವರು ಬೈದುಕೊಳ್ಳುತ್ತಾರೆ, ಗೊತ್ತು.

ಐಪಿಎಫ್‌ಗೆ ಕೆಲಸ ಮಾಡುವ ಔಷಧಿಗಳು ಗಟ್ಟಿಯಾಗಿ ನೆಲೆಯೂರಿದ್ದು ಆಮೇಲೆ. ಪಿರ್ಫೆನಿಡೋನ್, ನಿಂಟೆಡಾನಿಬ್ ಎರಡಕ್ಕೂ ಅಮೆರಿಕದಲ್ಲಿ ಒಂದೇ ದಿನ, 2014ರ ಅಕ್ಟೋಬರ್ 15ರಂದು ಒಪ್ಪಿಗೆ ಸಿಕ್ಕಿತು. ನಿಂಟೆಡಾನಿಬ್‌ನ ಅವಳಿ ಪ್ರಯೋಗದಲ್ಲಿ 1,066 ಜನ ಇದ್ದರು. ಮುಖ್ಯವಾಗಿ ಅಳೆದದ್ದು ಒಂದು ಸಂಗತಿ. ಎದೆ ತುಂಬಾ ಉಸಿರು ಎಳೆದು ಜೋರಾಗಿ ಊದಿದರೆ ಎಷ್ಟು ಗಾಳಿ ಹೊರಬರುತ್ತದೆ? ಬರೀ ಮಾತ್ರೆ ತಗೊಂಡವರು ಒಂದು ವರ್ಷದಲ್ಲಿ ಒಂದು ಪ್ರಯೋಗದಲ್ಲಿ 240 ಮಿ.ಲೀ., ಇನ್ನೊಂದರಲ್ಲಿ 207 ಮಿ.ಲೀ. ಕಳೆದುಕೊಂಡರು. ಔಷಧಿ ತಗೊಂಡವರು ಎರಡರಲ್ಲೂ ಸುಮಾರು 115. ಯಜಮಾನರಿಗೆ ಹೇಳಿದೆ: ವರ್ಷಕ್ಕೆ ಒಂದು ದೊಡ್ಡ ಲೋಟ ಹೋಗುವ ಕಡೆ ಅರ್ಧ ಲೋಟ ಹೋಗುತ್ತದೆ.

"ಅಂದ್ರೆ ಮಾತ್ರೆ ತಗೊಂಡ್ರೂ ಕಡಿಮೆಯಾಗ್ತಾನೇ ಹೋಗ್ತದೆ" ಅಂದರು.

ಹೌದು. ಈ ಔಷಧಿಗಳ ಕಷ್ಟವೇ ಇದು. ತಗೊಂಡವರಿಗೆ ಸುಧಾರಿಸಿದ ಹಾಗೆ ಅನ್ನಿಸುವುದೇ ಇಲ್ಲ. ಅನ್ನಿಸುವುದು ಹೊಟ್ಟೆ ಕೆಡುವುದು ಮಾತ್ರ. ನಿಂಟೆಡಾನಿಬ್ ತಗೊಂಡ ಹತ್ತರಲ್ಲಿ ಆರು ಜನಕ್ಕೆ ಭೇದಿಯಾಗಿತ್ತು. ಪಿರ್ಫೆನಿಡೋನ್‌ಗೆ ಬಿಸಿಲು ಆಗಿಬರಲ್ಲ, ಚರ್ಮ ಕೆಂಪಾಗಿ ಉರಿಯುತ್ತದೆ. ತೋಟದವರಿಗೆ ಹಾಳೆಟೋಪಿ, ತುಂಬುತೋಳಿನ ಅಂಗಿ ಅಂತ ಚೀಟಿಯಲ್ಲೇ ಬರೆದುಕೊಡುತ್ತೇನೆ. ನಿಂಟೆಡಾನಿಬ್‌ನಿಂದ ರಕ್ತಸ್ರಾವದ ಅಪಾಯವೂ ಸ್ವಲ್ಪ ಜಾಸ್ತಿ. ನೋಡಿ, ಮತ್ತೆ ರಕ್ತಕ್ಕೇ ಬಂದೆವು. 2025ರಲ್ಲಿ ನೆರಾಂಡೊಮಿಲಾಸ್ಟ್ ಅನ್ನುವ ಇನ್ನೊಂದಕ್ಕೆ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದೆ. ಅದೂ ವೇಗ ತಗ್ಗಿಸುವ ಜಾತಿಯದ್ದೇ.

ಹುಡುಗನ ಕಡೆಯ ಕಥೆ ಬೇರೆ. ಫ್ಯಾಕ್ಟರ್ 8 ಮಾಡುವುದು ಮದುವೆ ದಲ್ಲಾಳಿಯ ಕೆಲಸ. 9 ಮತ್ತು 10ನೇ ಫ್ಯಾಕ್ಟರನ್ನು ಒಂದೇ ಚಾಪೆ ಮೇಲೆ ಕೂರಿಸುತ್ತದೆ. ಹೊರಗಿಂದ ಕೊಟ್ಟ ಫ್ಯಾಕ್ಟರ್ 8 ಹನ್ನೆರಡು ಗಂಟೆಗೆ ಅರ್ಧ ಖಾಲಿ. ಅದಕ್ಕೇ ವಾರಕ್ಕೆ ಎರಡು ಮೂರು ಸಲ ನರಕ್ಕೆ ಸೂಜಿ. ಎಮಿಸಿಜುಮ್ಯಾಬ್ ಅನ್ನುವುದು ಬದಲಿ ದಲ್ಲಾಳಿ. ಚರ್ಮದಡಿ ಚುಚ್ಚಿದರೆ ಸಾಕು, ಕೆಲವರಿಗೆ ನಾಲ್ಕು ವಾರಕ್ಕೊಮ್ಮೆ. ಫ್ಯಾಕ್ಟರ್ 8 ಕೊಟ್ಟರೂ ಮೈ ಅದನ್ನು ಹೊಡೆದುಹಾಕುವಂಥ ರೋಗಿಗಳಲ್ಲಿ ಇದನ್ನು ಪರೀಕ್ಷಿಸಿ 2017ರಲ್ಲಿ ಪ್ರಕಟಿಸಿದರು. ಇಂಜೆಕ್ಷನ್ ಇಲ್ಲದವರಿಗೆ ವರ್ಷಕ್ಕೆ 23 ಸಲ ರಕ್ತಸ್ರಾವ, ತಗೊಂಡವರಿಗೆ ಮೂರಕ್ಕಿಂತ ಕಡಿಮೆ. ಆದರೆ ಅದೇ ಪ್ರಯೋಗದಲ್ಲಿ, ಜೊತೆಗೆ ಇನ್ನೊಂದು ಹೆಪ್ಪುಗಟ್ಟಿಸುವ ಔಷಧಿಯನ್ನು ಜಾಸ್ತಿ ತಗೊಂಡ ಕೆಲವರಿಗೆ ರಕ್ತನಾಳದಲ್ಲೇ ಹೆಪ್ಪುಗಟ್ಟಿತು. ರಕ್ತ ನಿಲ್ಲದವರಿಗೆ!

ವೆಲ್ಲೂರಿನ ಸಿಎಂಸಿ ಆಸ್ಪತ್ರೆಯಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ರಕ್ತ ಹುಟ್ಟಿಸುವ ರೋಗಿಯದ್ದೇ ಕಾಂಡಕೋಶ ತೆಗೆದು, ಅದಕ್ಕೆ ಫ್ಯಾಕ್ಟರ್ 8ರ ಜೀನ್ ಸೇರಿಸಿ ವಾಪಸ್ಸು ಕೊಟ್ಟರು. ಐದು ಜನಕ್ಕೆ. 2024ರ ಡಿಸೆಂಬರಿನಲ್ಲಿ ಪ್ರಕಟವಾದ ವರದಿಯಲ್ಲಿ ಐವರಿಗೂ ರಕ್ತಸ್ರಾವ ನಿಂತಿತ್ತು.

ಅಲ್ಲಿ ಸಾವಿರದ ಅರವತ್ತಾರು ಜನ, ಇಲ್ಲಿ ಐದೇ ಜನ. ಇದು ಹೇಗೆ ಅಂತ ಕೇಳುತ್ತಾರೆ. ಆಗುಂಬೆಗೂ ಶಿವಮೊಗ್ಗಕ್ಕೂ ಮಳೆಯಲ್ಲಿ ಎಷ್ಟು ವ್ಯತ್ಯಾಸ ಅಂತ ತಿಳಿಯೋಕೆ ಕೊಡೆ ಬಿಚ್ಚಿದರೆ ಸಾಕು. ಪಕ್ಕಪಕ್ಕದ ಎರಡು ತೋಟದಲ್ಲಿ ಎಲ್ಲಿ ಮಳೆ ಜಾಸ್ತಿ ಅಂತ ಹೇಳಬೇಕಾದರೆ ಮಾಪಕ ಇಟ್ಟು ವರ್ಷಗಟ್ಟಲೆ ಬರೆದಿಡಬೇಕು. ಲೋಟದ ಅರ್ಧ ಉಳಿಯಿತೋ ಇಲ್ಲವೋ ಒಬ್ಬ ರೋಗಿಯನ್ನು ನೋಡಿ ಗೊತ್ತಾಗಲ್ಲ. ತಿಂಗಳಿಗೆರಡು ಸಲ ಊದುತ್ತಿದ್ದ ಮೊಣಕಾಲು ಊದದೇ ಹೋದರೆ ಅಜ್ಜಿಗೂ ಗೊತ್ತಾಗುತ್ತದೆ. ಹಾಗಂತ ಐದು ಜನರಲ್ಲಿ ಆದದ್ದನ್ನು ನಾಳೆಯೇ ಎಲ್ಲರಿಗೂ ಕೊಡೋಕಾಗಲ್ಲ. ಅಪರೂಪಕ್ಕೆ ಬರುವ ತೊಂದರೆ ಐದು ಜನರಲ್ಲಿ ಕಾಣಿಸಲಿಕ್ಕಿಲ್ಲ.

ಹುಡುಗನನ್ನು ದಾವಣಗೆರೆಗೆ ಕಳಿಸಿದೆ. ಕರ್ನಾಟಕ ಹಿಮೋಫಿಲಿಯಾ ಸೊಸೈಟಿ ಇರುವುದು ಅಲ್ಲೇ. ತಾಯಿಗೆ ಎರಡು ಮಾತು ಗಟ್ಟಿಯಾಗಿ ಹೇಳಿದೆ. ಜ್ವರ ಬಂತು ಅಂತ ಯಾರೂ ಇವನ ಕುಂಡಿಗೆ ಇಂಜೆಕ್ಷನ್ ಹಾಕಬಾರದು. ನೋವಿಗೆ ಪ್ಯಾರಾಸಿಟಮಾಲ್ ಸರಿ, ಆಸ್ಪಿರಿನ್, ಡೈಕ್ಲೋಫೆನಾಕ್, ಐಬುಪ್ರೊಫೇನ್ ಬೇಡ. ಇವನಿಗೆ ಹಿಂದೊಮ್ಮೆ ಒಂದು ಕಡೆ ಇಂಜೆಕ್ಷನ್ ಹಾಕಿ ತೊಡೆಯೆಲ್ಲ ಕಪ್ಪಾಗಿತ್ತಂತೆ.

ಯಜಮಾನರಿಗೆ ಬೆಂಗಳೂರಿನಲ್ಲಿ ನಡೆಯುತ್ತಿದ್ದ ಒಂದು ಪ್ರಯೋಗದ ವಿಷಯ ಹೇಳಿದೆ. "ನಮ್ಮ ಮೇಲೆ ಪ್ರಯೋಗ ಮಾಡ್ತೀರಾ ಡಾಕ್ಟ್ರೇ?" ಅಂತ ಕೇಳಿದರು. ಮೂವರಲ್ಲಿ ಇಬ್ಬರು ಹೀಗೇ ಕೇಳುತ್ತಾರೆ, ಕೇಳಲೇಬೇಕು. ನಮ್ಮ ದೇಶದಲ್ಲಿ 2009ರ ಜೂನ್‌ನಿಂದ ಹೊಸ ಔಷಧಿಯ ಪ್ರಯೋಗಗಳನ್ನು ಸಿಟಿಆರ್‌ಐ ಅನ್ನುವ ಸರ್ಕಾರಿ ಪಟ್ಟಿಯಲ್ಲಿ ನೋಂದಾಯಿಸುವುದು ಕಡ್ಡಾಯ. ಯಾರು ಬೇಕಾದರೂ ಮೊಬೈಲಿನಲ್ಲೇ ನೋಡಬಹುದು. ನೈತಿಕ ಸಮಿತಿ ಒಪ್ಪಬೇಕು. 2019ರ ನಿಯಮದ ಪ್ರಕಾರ ಪ್ರಯೋಗದಿಂದ ತೊಂದರೆಯಾದರೆ ಚಿಕಿತ್ಸೆ, ಪರಿಹಾರ ಎರಡೂ ಕೊಡಬೇಕು. ಯಾವಾಗ ಬೇಕಾದರೂ ಬಿಟ್ಟುಬರಬಹುದು, ಅದಕ್ಕೆ ಯಾರೂ ಮುಖ ಗಂಟಿಕ್ಕುವ ಹಾಗಿಲ್ಲ. ಬರೀ ಮಾತ್ರೆಯ ಗುಂಪಿಗೆ ಬೀಳುವ ಸಾಧ್ಯತೆ ಇದೆ, ಅದನ್ನೂ ಮುಚ್ಚಿಡಲಿಲ್ಲ. ಈಗ ತಗೊಳ್ಳುತ್ತಿರುವ ಔಷಧಿ ನಿಲ್ಲಿಸಬೇಕಾ, ಮುಂದುವರಿಸಬಹುದಾ ಅಂತ ಮೊದಲು ಕೇಳಿ ಅಂದೆ.

ಒಪ್ಪಿಗೆ ಪತ್ರ ಕನ್ನಡದಲ್ಲಿತ್ತು, ಹದಿನೆಂಟು ಪುಟ. ಕನ್ನಡವೇನೋ ಹೌದು, ಓದಿದರೆ ಕೋರ್ಟಿನ ಆದೇಶದ ಹಾಗಿತ್ತು. ಮನೆಗೆ ಒಯ್ದು ಮಗಳ ಹತ್ತಿರ ಓದಿಸಿ ಅಂತ ಕೊಟ್ಟೆ. ಹತ್ತು ದಿನ ಬಿಟ್ಟು ಬಂದರು. ಅಂಚಿನಲ್ಲಿ ಪೆನ್ಸಿಲಿನಲ್ಲಿ ಮಗಳು ಏಳು ಪ್ರಶ್ನೆ ಬರೆದಿದ್ದಳು. ಐದಕ್ಕೆ ನನ್ನ ಹತ್ತಿರ ಉತ್ತರವಿತ್ತು. ಆರನೆಯದು, ಕೊಯ್ಲಿನ ಎರಡು ತಿಂಗಳು ಬರೋಕಾಗದಿದ್ದರೆ ಏನು? ಏಳನೆಯದು, ಬೆಂಗಳೂರಿಗೆ ಬಸ್ ಚಾರ್ಜು ಒಬ್ಬರಿಗೋ, ಜೊತೆಗೆ ಬರುವವರಿಗೂ ಸೇರಿಯೋ? ಅವರ ಎದುರೇ ಬೆಂಗಳೂರಿಗೆ ಫೋನ್ ಹಚ್ಚಿದೆ.