ಪದ ಪರಿಚಯ: ಸುಂಕ

ಆಪ್ ಸ್ಟೋರ್‌ಗಳು ಚಂದಾ ಹಣದಲ್ಲಿ ಮುರಿದುಕೊಳ್ಳುವ ಪಾಲನ್ನು ಮುಂಬೈ ಕನ್ನಡಿಗರ ವಾಟ್ಸಾಪ್ ಬಳಗಗಳಲ್ಲಿ ಮತ್ತೆ ‘ತೆರಿಗೆ’ ಎನ್ನುತ್ತಿದ್ದಾರೆ. ತೆರಿಗೆ ಬೇರೆಯೇ ಇದೆ, 18% ಜಿಎಸ್‌ಟಿ. ‘ಕಮಿಷನ್’ ಅನ್ನುವವರೂ ಪೂರ್ತಿ ಸರಿಯಲ್ಲ. ವಾಶಿ ಮಾರ್ಕೆಟ್ಟಿನ ದಲಾಲ ಈರುಳ್ಳಿಗೆ ಗಿರಾಕಿ ಹಿಡಿದುಕೊಟ್ಟು ದಲಾಲಿ ತಗೊಳ್ಳುತ್ತಾನೆ, ಸರಿ. ಹದಿನಾಲ್ಕನೆಯ ತಿಂಗಳ ಚಂದಾ ತಾನಾಗಿ ಕಟ್ ಆದಾಗ ಸ್ಟೋರ್ ಯಾರನ್ನು ಹುಡುಕಿಕೊಟ್ಟಿತು?

ಒಪ್ಪುವ ಪದ ಸುಂಕ. ಸಂಸ್ಕೃತದ ‘ಶುಲ್ಕ’ದ ತದ್ಭವ ಇದು. ಕಂಪನಿಗಳು ‘ಸೇವಾ ಶುಲ್ಕ’ ಎಂದು ಮೆತ್ತಗೆ ಬರೆದುಕೊಂಡರೂ ತದ್ಭವ ಮಾಡಿದರೆ ಸುಂಕವೇ. ಕಲ್ಯಾಣ ಚಾಲುಕ್ಯರ ಶಾಸನಗಳಲ್ಲಿ ಪೆರ್ಜುಂಕವೂ (ಹಿರಿಯ ಸುಂಕ) ಇದೆ, ಸುಂಕವೆರ್ಗಡೆ ಎಂಬ ಅಧಿಕಾರಿಯೂ ಇದ್ದಾನೆ. ಅದನ್ನೂ ಅರಸರೇ ಎತ್ತುತ್ತಿದ್ದರಲ್ಲ, ಅದೂ ತೆರಿಗೆಯೇ ತಾನೇ ಎಂದರೆ, ಹೌದು. ಗುತ್ತಿಗೆಗೆ ಕೊಡುತ್ತಿದ್ದುದೂ ಉಂಟು. ಮುಖ್ಯ ಸಂಗತಿ ಇಷ್ಟು: ದಾರಿ ಕಟ್ಟಿ ನಿಂತವನು ಸರಕು ದಾಟಿಸಲು ಕೇಳುವುದು ಸುಂಕ. ‘ಸುಂಕದವನ ಮುಂದೆ ಸುಖದುಃಖ’ ಎಂಬ ಮಾತು ಹುಟ್ಟಿದ್ದು ಆ ಗೇಟಿನಲ್ಲೇ. ಮುಂಬೈಯಲ್ಲಿ ಇದು ಜಕಾತ್. 2017ರ ಜುಲೈ 1ಕ್ಕೆ ಜಕಾತ್ ರದ್ದಾಗುವವರೆಗೆ ದಹಿಸರ, ಮುಲುಂಡ್ ನಾಕಾಗಳ (ಸುಂಕದ ಗೇಟುಗಳ) ಲಾರಿ ಸಾಲು ಕಂಡವರಿಗೆ ಬಿಡಿಸಿ ಹೇಳಬೇಕಿಲ್ಲ. (ಅರಬ್ಬಿಯಲ್ಲಿ ಜಕಾತ್ ಎಂದರೆ ಧರ್ಮದಾನ. ನಾಕಾದಲ್ಲಿ ಯಾರಿಗೂ ಹಾಗನ್ನಿಸಿರಲಾರದು.)

ಆಪಲ್‌ನ ಮಾಮೂಲಿ ದರ ಮೊದಲ ವರ್ಷ 30%, ಆಮೇಲೆ 15%. ಗೂಗಲ್ ಪ್ಲೇ 2022ರ ಜನವರಿಯಿಂದ ಚಂದಾಗಳಿಗೆ ಮೊದಲ ದಿನದಿಂದಲೇ 15% ಮಾಡಿತು. 30% ಸುಂಕ ಕಳೆದು ಕೈಗೆ 100 ರೂಪಾಯಿ ಬರಬೇಕೆಂದು ಬೆಲೆ 130 ಇಟ್ಟವರು ಮೋಸ ಹೋಗುತ್ತಾರೆ, ಉಳಿಯುವುದು 91. 143 ಇಡಬೇಕು. ಹಾಡಿನ ಆಪ್ ಆದರೆ ಆ ನೂರರಲ್ಲೂ ದೊಡ್ಡ ಪಾಲು ಹಕ್ಕುದಾರರಿಗೆ. ಪಕ್ಕದಲ್ಲೇ ಸ್ಟೋರ್ ಒಡೆಯನ ಸ್ವಂತ ಹಾಡಿನ ಸೇವೆ ಇದೆ. ಅದರ ಸುಂಕ ಎಡ ಕಿಸೆಯಿಂದ ಬಲ ಕಿಸೆಗೆ. ನಾಕಾದವನ ಲಾರಿಗೆ ಗೇಟು ಎತ್ತಿಯೇ ಇರುತ್ತದೆ.

ಆಪ್ ಮಾಡುವವರಿಗೂ ಸ್ಟೋರ್‌ಗಳಿಗೂ ಜಗಳ ಇರುವುದು ಇಲ್ಲೇ, ಶೇಕಡಾವಾರಿನಲ್ಲಿ ಮಾತ್ರವಲ್ಲ. 2022ರ ಅಕ್ಟೋಬರಿನಲ್ಲಿ ಭಾರತದ ಸ್ಪರ್ಧಾ ಆಯೋಗ ಗೂಗಲ್‌ಗೆ 936.44 ಕೋಟಿ ದಂಡ ಹಾಕಿದಾಗ ಎಣಿಸಿದ ತಪ್ಪುಗಳಲ್ಲಿ, ಎಲ್ಲರಿಗೂ ಕಡ್ಡಾಯ ಮಾಡಿದ್ದ ಪ್ಲೇ ಬಿಲ್ಲಿಂಗ್‌ನಿಂದ (ಹಣ ಕಟ್ಟಿಸಿಕೊಳ್ಳುವ ಗೂಗಲ್‌ನ ವ್ಯವಸ್ಥೆ) ತನ್ನದೇ ಯೂಟ್ಯೂಬನ್ನು ಹೊರಗಿಟ್ಟದ್ದೂ ಒಂದು. (2025ರ ಮಾರ್ಚಿನಲ್ಲಿ ಮೇಲ್ಮನವಿ ಮಂಡಳಿ ದಂಡವನ್ನು ಸುಮಾರು 216 ಕೋಟಿಗೆ ಇಳಿಸಿತು.) ಹಾಡಿನ ಆಪ್ ಸ್ಪಾಟಿಫೈ 2019ರಲ್ಲಿ ಕೊಟ್ಟ ದೂರಿನ ಮೇಲೆ ಯುರೋಪಿಯನ್ ಆಯೋಗ 2024ರ ಮಾರ್ಚಿನಲ್ಲಿ ಆಪಲ್‌ಗೆ 180 ಕೋಟಿ ಯೂರೋಗೂ ಮಿಕ್ಕಿ ದಂಡ ಹಾಕಿದ್ದನ್ನು ‘30% ಜಾಸ್ತಿಯಾಯಿತೆಂದು’ ಎಂದೇ ಈಗಲೂ ಬರೆಯುತ್ತಾರೆ. ದಂಡ ಬಿದ್ದದ್ದು, ವೆಬ್‌ಸೈಟಿನಲ್ಲಿ ಅಗ್ಗಕ್ಕೆ ಸಿಗುತ್ತದೆಂದು ಆಪ್ ಒಳಗೆ ಗಿರಾಕಿಗೆ ಹೇಳಲು ಬಿಡದ್ದಕ್ಕೆ. ನಾಕಾ ತಪ್ಪಿಸುವ ಒಳದಾರಿಯ ಬೋರ್ಡನ್ನೇ ಕಿತ್ತಿಟ್ಟಂತೆ.