ಮುಟ್ಟು ನಿಂತ ಮೇಲೆ ಬೆಲ್ಲದ ಲೆಕ್ಕ

ಬೆಳಗಾವಿ, ಬಾಗಲಕೋಟೆ, ವಿಜಯಪುರದ ಕಡೆ ಐವತ್ತು ದಾಟಿದ ಹೆಣ್ಣುಮಗಳ ರಕ್ತ ತಪಾಸಣೆಯಲ್ಲಿ ‘ಕೊಬ್ಬು ಹೆಚ್ಚೈತಿ’ ಎಂದು ಬಂದರೆ ಮನೆಯಲ್ಲಿ ಮೊದಲು ಮೂಲೆ ಸೇರುವುದು ತುಪ್ಪದ ಡಬ್ಬಿ. ಆಮೇಲೆ ಕರಿದ ತಿಂಡಿ. ಚಹಾದ ಸಕ್ಕರೆಗೂ ಹೋಳಿಗೆಯ ಬೆಲ್ಲಕ್ಕೂ ಯಾರೂ ಕೈ ಹಚ್ಚುವುದಿಲ್ಲ. ‘ನಂಗೇನ್ ಸಕ್ಕರಿ ಬ್ಯಾನಿ ಇಲ್ಲಲ್ರಿ’ ಎಂಬ ಉತ್ತರ ನಾಲಿಗೆಯ ತುದಿಯಲ್ಲೇ ಇರುತ್ತದೆ. ಆದರೆ ಅದೇ ವರದಿಯನ್ನು ಕೊನೆಯ ಸಾಲಿನ ತನಕ ಓದಿದರೆ ಎಷ್ಟೋ ಸಲ ಏರಿರುವುದು ಟ್ರೈಗ್ಲಿಸರೈಡ್ ಎಂಬ ಕೊಬ್ಬು. ಅದನ್ನು ಏರಿಸುವ ಕೆಲಸದಲ್ಲಿ ಸಕ್ಕರೆಯ ಪಾಲು ದೊಡ್ಡದು. ಸಕ್ಕರೆ ಹೀಗೆ ಪಾರಾದದ್ದು ನಮ್ಮ ಅಡುಗೆಮನೆಯ ತಪ್ಪಿನಿಂದಲ್ಲ. ಅದಕ್ಕೆ ಅರುವತ್ತು ವರ್ಷದ ಹಿಂದಿನ ಕತೆಯಿದೆ.

1950ರ ದಶಕದಲ್ಲಿ ಹೃದಯಾಘಾತವೆಂದರೆ ಗಂಡಸರ ರೋಗ. ಅಮೆರಿಕದ ವಿಜ್ಞಾನಿ ಆನ್ಸೆಲ್ ಕೀಸ್ ಕೊಬ್ಬಿನತ್ತ ಬೆರಳು ತೋರಿಸಿದರು, ಲಂಡನ್ನಿನ ಆಹಾರತಜ್ಞ ಜಾನ್ ಯುಡ್ಕಿನ್ ಸಕ್ಕರೆಯತ್ತ. ಈ ಜಗಳದ ನಡುವೆಯೇ ಲಂಡನ್ನಿನ ಗೈಸ್ ಆಸ್ಪತ್ರೆಯ ಇಯಾನ್ ಮ್ಯಾಕ್‌ಡೊನಾಲ್ಡ್ ಒಂದು ಸಣ್ಣ ಪ್ರಯೋಗ ಮಾಡಿದರು. ಹರೆಯದ ಹೆಂಗಸರಿಗೆ ಸಕ್ಕರೆ ಹೆಚ್ಚಿರುವ ಆಹಾರ ಕೊಟ್ಟಾಗ ಅವರ ರಕ್ತದ ಟ್ರೈಗ್ಲಿಸರೈಡ್ ಏರಲಿಲ್ಲ. ಮುಟ್ಟು ನಿಂತವರಿಗೆ ಕೊಟ್ಟಾಗ ಗಂಡಸರಲ್ಲಿ ಏರುವ ಹಾಗೆಯೇ ಏರಿತು. ಮೊದಲ ವರದಿ ಬಂದದ್ದು 1965ರಲ್ಲಿ, ಎರಡನೆಯದು 1966ರಲ್ಲಿ. ಅದೇ ಸಕ್ಕರೆ, ಅದೇ ಹೆಣ್ಣು ದೇಹ. ನಡುವೆ ಬದಲಾದದ್ದು ಮುಟ್ಟು ನಿಂತಾಗ ಇಳಿದುಹೋಗುವ ಈಸ್ಟ್ರೋಜನ್ ಹಾರ್ಮೋನು. ಇಡೀ ವಿಷಯದ ಬೀಗದ ಕೈ ಅಂದೇ ಸಿಕ್ಕಿತ್ತು ಎನ್ನಬೇಕು.

ಅದು ಕಳೆದುಹೋಯಿತು. 1967ರಲ್ಲಿ ಹಾರ್ವರ್ಡಿನ ಮೂವರು ವಿಜ್ಞಾನಿಗಳು ಪ್ರಮುಖ ವೈದ್ಯಕೀಯ ಪತ್ರಿಕೆಯಲ್ಲಿ ಬರೆದ ವಿಮರ್ಶೆ ಸಕ್ಕರೆಯ ಮೇಲಿನ ಆರೋಪವನ್ನು ಹಗುರ ಮಾಡಿ ಕೊಬ್ಬಿನ ಮೇಲೆ ಹೊರಿಸಿತು. ಆ ಬರಹಕ್ಕೆ ಅಮೆರಿಕದ ಸಕ್ಕರೆ ಉದ್ಯಮದ ಸಂಶೋಧನಾ ಪ್ರತಿಷ್ಠಾನ 6,500 ಡಾಲರ್ ಕೊಟ್ಟಿತ್ತೆಂದು ಹಳೆಯ ಕಾಗದಪತ್ರಗಳಿಂದ ಹೊರಬಿದ್ದದ್ದು 2016ರಲ್ಲಿ. ಹಾಗೆಂದು ಕೊಬ್ಬಿನ ಮೇಲಿನ ಆರೋಪವೇ ಸುಳ್ಳೆಂದಲ್ಲ. ತುಪ್ಪ, ಬೆಣ್ಣೆ, ವನಸ್ಪತಿ ಅತಿಯಾದರೆ ಕೆಟ್ಟ ಕೊಲೆಸ್ಟರಾಲ್ ಎನ್ನುವ ಎಲ್‌ಡಿಎಲ್ ಏರುವುದು ನಿಜ. ಜೊತೆಯ ಆರೋಪಿ ತಪ್ಪಿಸಿಕೊಂಡ, ಅಷ್ಟೆ.

ಮುಟ್ಟು ನಿಂತ ಹೆಂಗಸರ ವಿಷಯಕ್ಕೆ ವೈದ್ಯಲೋಕ ಬಂದದ್ದು ಬೇರೆ ದಾರಿಯಿಂದ. ಅಮೆರಿಕದ ಫ್ರೇಮಿಂಗ್‌ಹ್ಯಾಮ್ ಊರಿನಲ್ಲಿ 1948ರಲ್ಲಿ ಶುರುವಾದ ಹೃದ್ರೋಗದ ಅಧ್ಯಯನ 1976ರಲ್ಲಿ ಒಂದು ಹೋಲಿಕೆ ಮುಂದಿಟ್ಟಿತು: ಒಂದೇ ವಯಸ್ಸಿನ ಹೆಂಗಸರಲ್ಲಿ ಮುಟ್ಟು ನಿಂತವರಿಗೆ ಹೃದ್ರೋಗ ಹೆಚ್ಚು. ಹೋದ ಹಾರ್ಮೋನನ್ನು ಗುಳಿಗೆಯಾಗಿ ಕೊಟ್ಟರಾಯಿತಲ್ಲ ಎಂದು ಲಕ್ಷಾಂತರ ಮಂದಿಗೆ ಕೊಟ್ಟರು. 2002ರಲ್ಲಿ 16,608 ಹೆಂಗಸರ ಮೇಲಿನ ದೊಡ್ಡ ಪ್ರಯೋಗವನ್ನು ನಡುವೆಯೇ ನಿಲ್ಲಿಸಬೇಕಾಯಿತು. ಈಸ್ಟ್ರೋಜನ್ ಜೊತೆ ಪ್ರೊಜೆಸ್ಟಿನ್ ಸೇರಿಸಿದ ಎರಡು ಹಾರ್ಮೋನಿನ ಗುಳಿಗೆಯಿಂದ ಹೃದಯಕ್ಕೆ ರಕ್ಷಣೆ ಸಿಗಲಿಲ್ಲ, ಪಾರ್ಶ್ವವಾಯು ಮತ್ತು ಸ್ತನ ಕ್ಯಾನ್ಸರ್ ಹೆಚ್ಚಿದವು. ಅದೇ ಯೋಜನೆಯ ಇನ್ನೊಂದು ಭಾಗದಲ್ಲಿ ಮುಟ್ಟು ನಿಂತ 48,835 ಹೆಂಗಸರಲ್ಲಿ ಒಂದು ಗುಂಪಿಗೆ ಕೊಬ್ಬು ಕಡಿಮೆಯಿರುವ ಊಟ ಹೇಳಿಕೊಟ್ಟಿದ್ದರು. ಎಂಟು ವರ್ಷ ನೋಡಿ 2006ರಲ್ಲಿ ಫಲಿತಾಂಶ ಕೊಟ್ಟರು: ಹೃದ್ರೋಗದಲ್ಲಿ ಹೇಳಿಕೊಳ್ಳುವಂಥ ಇಳಿಕೆಯಿಲ್ಲ. ತಾಟಿನಿಂದ ಕೊಬ್ಬು ತೆಗೆದರೆ ಆ ಜಾಗಕ್ಕೆ ಏನು ಬಂತು ಎಂಬ ಪ್ರಶ್ನೆ ಎದ್ದದ್ದು ಆಮೇಲೆ.

ಸಕ್ಕರೆ ಒಳಗೆ ಹೋಗಿ ಮಾಡುವುದೇನು? ಸಕ್ಕರೆಯ ಅರ್ಧ ಗ್ಲೂಕೋಸ್, ಅರ್ಧ ಫ್ರಕ್ಟೋಸ್. ಗ್ಲೂಕೋಸನ್ನು ಮೈಯೆಲ್ಲ ಬಳಸಿಕೊಳ್ಳುತ್ತದೆ, ಫ್ರಕ್ಟೋಸಿನ ಬಹುಪಾಲು ಯಕೃತ್ತಿನ ತಲೆಗೆ ಬೀಳುತ್ತದೆ. ಬೇಕಾದದ್ದಕ್ಕಿಂತ ಹೆಚ್ಚು ಬಂದಾಗ ಯಕೃತ್ತು ಅದನ್ನು ಕೊಬ್ಬಾಗಿಸುತ್ತದೆ. ಒಂದಿಷ್ಟು ತನ್ನಲ್ಲೇ ಇಟ್ಟುಕೊಂಡು ಉಳಿದದ್ದನ್ನು ಟ್ರೈಗ್ಲಿಸರೈಡ್ ಆಗಿ ರಕ್ತಕ್ಕೆ ಬಿಡುತ್ತದೆ. ಆಗ ಒಳ್ಳೆಯದೆನ್ನುವ ಎಚ್‌ಡಿಎಲ್ ಇಳಿಯುತ್ತದೆ, ಎಲ್‌ಡಿಎಲ್ ಕಣಗಳು ಚಿಕ್ಕದಾಗಿ ದಟ್ಟವಾಗುತ್ತವೆ. ಇಂಥ ಕಣ ರಕ್ತನಾಳದ ಗೋಡೆಯೊಳಗೆ ಸುಲಭವಾಗಿ ನುಸುಳುತ್ತದೆ.

ಈಸ್ಟ್ರೋಜನ್ ಇರುವಷ್ಟು ಕಾಲ ಯಕೃತ್ತು ರಕ್ತದಿಂದ ಎಲ್‌ಡಿಎಲ್ ಎಳೆದುಕೊಳ್ಳುವ ಕೆಲಸ ಚುರುಕು, ಕೊಬ್ಬು ಕೂರುವುದು ಸೊಂಟದ ಕೆಳಗೆ, ತೊಡೆಯಲ್ಲಿ. ಅದು ಹೋದ ಮೇಲೆ ಎಲ್‌ಡಿಎಲ್ ಏರುತ್ತದೆ. ಈ ಏರಿಕೆ ಕೊನೆಯ ಮುಟ್ಟಿನ ಆಚೀಚೆಯ ಒಂದು ವರ್ಷದಲ್ಲೇ ಜೋರು. ಕೊಬ್ಬು ಹೊಟ್ಟೆಗೆ ಸರಿಯುತ್ತದೆ, ಇನ್ಸುಲಿನ್ನಿನ ಮಾತು ದೇಹ ಕೇಳುವುದು ಕಡಿಮೆಯಾಗುತ್ತದೆ. ಸಕ್ಕರೆಯೂ ಇದೇ ದಿಕ್ಕಿಗೆ ತಳ್ಳುವುದರಿಂದ ಇಪ್ಪತ್ತೈದರಲ್ಲಿ ಅರಗಿದ ಉಂಡಿ ಐವತ್ತೈದರಲ್ಲಿ ಹಾಗೆ ಅರಗುವುದಿಲ್ಲ. 2009ರ ಅಮೆರಿಕದ ಪ್ರಯೋಗವೊಂದರಲ್ಲಿ ಮೈ ಭಾರದ ಗಂಡಸರಿಗೂ ಮುಟ್ಟು ನಿಂತ ಹೆಂಗಸರಿಗೂ 10 ವಾರ, ಒಟ್ಟು ಶಕ್ತಿಯ ಕಾಲು ಭಾಗ ಸಿಹಿ ಪಾನೀಯದಿಂದಲೇ ಕೊಟ್ಟರು. ಗ್ಲೂಕೋಸ್ ಕುಡಿದವರೂ ಫ್ರಕ್ಟೋಸ್ ಕುಡಿದವರೂ ಹೆಚ್ಚುಕಡಿಮೆ ಒಂದೇ ತೂಕ ಏರಿದರು. ಹೊಟ್ಟೆಯೊಳಗಿನ ಕೊಬ್ಬು ಗಮನಕ್ಕೆ ಬರುವಷ್ಟು ಹೆಚ್ಚಿದ್ದು ಫ್ರಕ್ಟೋಸ್ ಗುಂಪಿನಲ್ಲಿ.

(ನಮ್ಮ ಕಡೆ ಈ ಬದಲಾವಣೆ ತಿಳಿಯುವುದೂ ತಡ. ಪ್ಯಾಂಟು ಬಿಗಿಯಾಗಿ ಎಚ್ಚರಿಸುತ್ತದೆ; ಸೀರೆ ಉಟ್ಟವರಿಗೆ ಲಾಡಿ ಎರಡು ಬೆರಳು ಸಡಿಲಿಸಿದರೆ ಮುಗಿಯಿತು.)

ಇನ್ನೊಂದು ಮಾತು ಈ ಸೀಮೆಗೇ ಸಂಬಂಧಿಸಿದ್ದು. ಭಾರತದಲ್ಲಿ ಮುಟ್ಟು ನಿಲ್ಲುವ ಸರಾಸರಿ ವಯಸ್ಸು 46-47, ಪಶ್ಚಿಮದವರಿಗಿಂತ ನಾಲ್ಕೈದು ವರ್ಷ ಮೊದಲು. ಅದರ ಮೇಲೆ ಮೂವತ್ತು–ನಲವತ್ತರೊಳಗೆ ‘ಚೀಲ ತೆಗೆಸಿಕೊಂಡ’, ಅಂದರೆ ಗರ್ಭಕೋಶ ತೆಗೆಸಿಕೊಂಡ, ಹೆಂಗಸರು ಹಳ್ಳಿಹಳ್ಳಿಯಲ್ಲಿದ್ದಾರೆ. ನಮ್ಮ ಕಾರ್ಖಾನೆಗಳಿಗೂ ಕಬ್ಬು ಕಡಿಯಲು ಗ್ಯಾಂಗ್ ಬರುವ ಮಹಾರಾಷ್ಟ್ರದ ಬೀಡ ಜಿಲ್ಲೆಯಲ್ಲಿ ಈ ಶಸ್ತ್ರಕ್ರಿಯೆ ಎಷ್ಟು ವ್ಯಾಪಕವಾಗಿದೆಯೆಂಬುದು 2019ರಲ್ಲಿ ದೊಡ್ಡ ಸುದ್ದಿಯಾಯಿತು, ಅಲ್ಲಿನ ಸರ್ಕಾರ ಸಮಿತಿ ನೇಮಿಸಿತು. ದೇಶಕ್ಕೆ ಸಕ್ಕರೆ ಕಡಿದುಕೊಡುವವರೇ ಸಕ್ಕರೆಯಿಂದ ಹೆಚ್ಚು ಕೆಡುವ ಸ್ಥಿತಿಗೆ ಬೇಗ ಬಂದು ನಿಂತಿದ್ದಾರೆ. ಗರ್ಭಕೋಶದ ಜೊತೆ ಎರಡೂ ಅಂಡಾಶಯ ತೆಗೆದಿದ್ದರೆ ಈಸ್ಟ್ರೋಜನ್ ಒಂದೇ ದಿನದಲ್ಲಿ ಕುಸಿಯುತ್ತದೆ. ಡಿಸ್ಚಾರ್ಜ್ ಕಾರ್ಡಿನಲ್ಲಿ ‘ಬಿಎಸ್‌ಒ’ ಎಂದು ಬರೆದಿದ್ದರೆ ಎರಡೂ ಅಂಡಾಶಯ ತೆಗೆದಿದ್ದಾರೆಂದೇ ಅರ್ಥ. ಆ ಕಾರ್ಡು ಜೋಪಾನ ಮಾಡಿ ಹೃದಯದ ವೈದ್ಯರಿಗೆ ತೋರಿಸಬೇಕು. 40ಕ್ಕಿಂತ ಮೊದಲು ಮುಟ್ಟು ನಿಂತಿರುವುದನ್ನು 2018ರ ಅಮೆರಿಕದ ಕೊಲೆಸ್ಟರಾಲ್ ಮಾರ್ಗಸೂಚಿ ಅಪಾಯ ಹೆಚ್ಚಿಸುವ ಅಂಶವೆಂದೇ ಎಣಿಸುತ್ತದೆ.

ಈಗ ಬೆಲ್ಲದ ಮಾತು. ಮಹಾಲಿಂಗಪುರದ ಬೆಲ್ಲಕ್ಕೆ ಹೆಸರಿದೆ, ರುಚಿಯಿದೆ, ಒಂದಿಷ್ಟು ಕಬ್ಬಿಣದ ಅಂಶವೂ ಇದೆ. ಆದರೆ 100 ಗ್ರಾಂ ಬೆಲ್ಲದಲ್ಲಿ 80 ಗ್ರಾಂಗೂ ಹೆಚ್ಚು ಸಕ್ಕರೆಯೇ, ಯಕೃತ್ತಿಗೆ ಬಣ್ಣ ತಿಳಿಯುವುದಿಲ್ಲ. ಜೇನುತುಪ್ಪಕ್ಕೂ ಇದೇ ಮಾತು. ವಿಶ್ವ ಆರೋಗ್ಯ ಸಂಸ್ಥೆಯ 2015ರ ಮಾರ್ಗಸೂಚಿ ಇವನ್ನೂ ಹಣ್ಣಿನ ರಸವನ್ನೂ ಸೇರಿಸಿಯೇ ಲೆಕ್ಕ ಹಾಕುತ್ತದೆ: ದಿನದ ಶಕ್ತಿಯ 10 ಶೇಕಡಾದೊಳಗೆ, ಸಾಧ್ಯವಾದರೆ 5ರೊಳಗೆ. ದಿನಕ್ಕೆ 1,600 ಕ್ಯಾಲರಿ ಸಾಕಾಗುವ ಹೆಣ್ಣುಮಗಳಿಗೆ ಅದು 40 ಗ್ರಾಂ, ಇಲ್ಲವೇ 20 ಗ್ರಾಂ. ಹಣ್ಣನ್ನು ಹಣ್ಣಾಗಿಯೇ ತಿಂದರೆ ಅದು ಈ ಲೆಕ್ಕಕ್ಕಿಲ್ಲ. ವಿಜಯಪುರದ ಒಣದ್ರಾಕ್ಷಿ ಮಾತ್ರ ಮುಷ್ಟಿಗಟ್ಟಲೆ ಬೇಡ, ತೂಕದ ಅರ್ಧಕ್ಕಿಂತ ಹೆಚ್ಚು ಸಕ್ಕರೆಯೇ.

ಚಮಚೆಗೆ 4–5 ಗ್ರಾಂ. ಎರಡು ಚಮಚೆಯ ಚಹಾ ದಿನಕ್ಕೆ ಐದು ಸಲ ಕುಡಿದರೆ ಅಲ್ಲಿಗೇ 40–50 ಗ್ರಾಂ. ಬೇಳೆ, ಬೆಲ್ಲ ಸಮ ಹಾಕಿದ ಹೋಳಿಗೆ ಒಂದಕ್ಕೆ 25–30 ಗ್ರಾಂ ಬೆಲ್ಲ. ಒಂದು ಗ್ಲಾಸು ಕಬ್ಬಿನ ಹಾಲಿನಲ್ಲೂ ಹೆಚ್ಚುಕಡಿಮೆ ಅಷ್ಟೇ ಸಕ್ಕರೆ. ಕರದಂಟು, ಕುಂದಾ, ಪಂಚಮಿಯ ಉಂಡಿ ವರ್ಷಕ್ಕೆ ಇಷ್ಟು ದಿನ ಎಂದು ಬರುತ್ತವೆ. ದಿನ ತಪ್ಪದೆ ಬರುವುದು ಚಹಾ. ಹಬ್ಬವನ್ನು ಬೈದು ಚಹಾವನ್ನು ಬಿಡುವುದು ತಲೆಕೆಳಗಾದ ಲೆಕ್ಕ.

ಚಮಚೆ ಎಣಿಸುವುದಕ್ಕಿಂತ ಕಿರಾಣಿ ಚೀಟಿ ನೋಡುವುದು ಸುಲಭ. ತಿಂಗಳಿಗೆ ತಂದ ಸಕ್ಕರೆ, ಬೆಲ್ಲ ಎರಡನ್ನೂ ಕೂಡಿಸಿ, ಮನೆಯ ಮಂದಿಯಿಂದ ಭಾಗಿಸಿ, 30ರಿಂದ ಭಾಗಿಸಬೇಕು. ನಾಲ್ವರ ಮನೆಗೆ 5 ಕಿಲೋ ಬಂದರೆ ತಲೆಗೆ ದಿನಕ್ಕೆ ಸುಮಾರು 42 ಗ್ರಾಂ. ಬಿಸ್ಕೀಟು, ಬೇಕರಿ ಇನ್ನೂ ಲೆಕ್ಕಕ್ಕೆ ಬಂದಿಲ್ಲ. 3 ಕಿಲೋಗೆ ಇಳಿಸಿದರೆ 25 ಗ್ರಾಂ. ಒಮ್ಮೆಲೇ ಬಿಟ್ಟವರು ಹದಿನೈದು ದಿನಕ್ಕೆ ಮರಳುತ್ತಾರೆ. ಎರಡು ವಾರಕ್ಕೊಮ್ಮೆ ಕಪ್ಪಿಗೆ ಅರ್ಧ ಚಮಚೆ ಇಳಿಸಿದರೆ ನಾಲಿಗೆ ಹೊಂದಿಕೊಳ್ಳುತ್ತದೆ. ಎಲ್ಲರ ಚಹಾ ಒಂದೇ ಪಾತ್ರೆಯಲ್ಲಿ ಸಕ್ಕರೆ ಹಾಕಿ ಕುದಿಯುವ ಮನೆಯಲ್ಲಿ ಇದು ನಡೆಯದು, ಸಕ್ಕರೆ ಕಪ್ಪಿಗೆ ಬೇರೆ ಹಾಕಬೇಕು. ಸಕ್ಕರೆ ಬಿಟ್ಟು ಆ ಹಸಿವಿಗೆ ಅನ್ನ, ಟೋಸ್ಟು, ಖಾರಿ ಹೆಚ್ಚಿಸಿದರೆ ಟ್ರೈಗ್ಲಿಸರೈಡ್ ಜಾಗ ಬಿಟ್ಟು ಕದಲುವುದಿಲ್ಲ. ಆ ಜಾಗಕ್ಕೆ ಕಾಳುಪಲ್ಲೆ, ಮಜ್ಜಿಗೆ, ಒಂದು ಮುಷ್ಟಿ ಶೇಂಗಾ ಬರಲಿ. ಸಕ್ಕರೆಯ ಬದಲು ಚಹಾಕ್ಕೆ ಹಾಕುವ ಸಿಹಿ ಗುಳಿಗೆಯೂ ದಾರಿಯಲ್ಲ, ತೂಕ ಇಳಿಸಲೆಂದು ಅವನ್ನು ಬಳಸಬೇಡಿ ಎಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೇಳಿದೆ. ಮಧುಮೇಹಕ್ಕೆ ಇನ್ಸುಲಿನ್ ಅಥವಾ ಗುಳಿಗೆ ತೆಗೆದುಕೊಳ್ಳುವವರು ಊಟ ಬದಲಿಸುವ ಮೊದಲೇ ವೈದ್ಯರಿಗೆ ಹೇಳಬೇಕು. ಔಷಧಿ ಹಳೆಯ ಪ್ರಮಾಣದಲ್ಲೇ ಉಳಿದರೆ ಸಕ್ಕರೆ ಕುಸಿದು ತಲೆ ತಿರುಗಿ ಬೀಳುವ ಅಪಾಯವಿದೆ.

ತಪಾಸಣೆಗೆ ಹೋದಾಗ ನೋಡಬೇಕಾದದ್ದು: ಟ್ರೈಗ್ಲಿಸರೈಡ್ 150ರೊಳಗೆ, ಎಚ್‌ಡಿಎಲ್ 50ಕ್ಕೆ ಕಡಿಮೆಯಿಲ್ಲ, ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ಎಚ್‌ಬಿಎ1ಸಿ 5.7ರೊಳಗೆ, ಜೊತೆಗೆ ಎಲ್‌ಡಿಎಲ್ ಮತ್ತು ಬಿ.ಪಿ. ಹೊಟ್ಟೆಯ ಸುತ್ತಳತೆ 80 ಸೆಂಟಿಮೀಟರ್ ಮೀರಬಾರದು. ಕೊನೆಯ ಪಕ್ಕೆಲುಬಿಗೂ ಸೊಂಟದ ಎಲುಬಿಗೂ ನಡುವೆ ಟೇಪು ಹಿಡಿದು, ಉಸಿರು ಬಿಟ್ಟು ಅಳೆಯಬೇಕು, ನಿರಿಗೆಯ ಮೇಲಿಂದಲ್ಲ. ರಕ್ತ ಕೊಡುವ ಮೊದಲು 10–12 ತಾಸು ನೀರು ಬಿಟ್ಟು ಏನೂ ಬೇಡ. ಪಂಚಮಿಯ ಮರುದಿನ ಮಾತ್ರ ಲ್ಯಾಬಿಗೆ ಹೋಗಬೇಡಿ. ನಾಲ್ಕು ದಿನ ಉಂಡಿ ತಿಂದ ಮೈಯ ಟ್ರೈಗ್ಲಿಸರೈಡ್ ನೋಡಿ ವರ್ಷದ ಗುಳಿಗೆ ಬರೆಸಿಕೊಳ್ಳುವುದು ಬೇಡ, ಎರಡು ವಾರ ಎಂದಿನಂತೆ ಉಂಡು ಹೋಗಿ.